ಭರಮಪ್ಪನ ತಂಬಿಗಿ, ಹನ್ನೊಂದು ಅಂಬಲಿ

ಬೈಲಹೊಂಗಲದ ಬಸ್‌ಸ್ಟ್ಯಾಂಡಿನಾಗ ಇಳದು ಭರಮಪ್ಪನ ಮನಿ ಎಲ್ಲೈತಿ ಅಂತ ಕೇಳಿದ್ರ "ಯಾವ ಭರಮಪ್ಪ?" ಅಂತಾರ. ತಂಬಿಗಿ ಭರಮಪ್ಪ ಅಂದ್ರ ಸಾಕು, ಪಾನ್ ಅಂಗಡಿಯಾಂವ ಎದ್ದು ನಿಂತು ದಾರಿ ತೋರಸ್ತಾನ. ಮೂವತ್ತನಾಕು ವರ್ಷ ಕರೆಂಟಿನ ಕಂಬ ಹತ್ತಿ ಇಳದು ರಿಟೈರ್ ಆದ ಲೈನ್‌ಮನ್ ಅಂವ. ಈಗ ವಯಸ್ಸು ಅರವತ್ತೆಂಟು. ಎಲ್ಲಿಗೆ ಹೋದ್ರೂ ಹೆಗಲಿಗೆ ಒಂದು ಖಾಕಿ ಚೀಲ, ಚೀಲದಾಗ ಅವರಪ್ಪನ ಕಾಲದ ಹಿತ್ತಾಳಿ ತಂಬಿಗಿ. ನೀರು, ಚಾ, ಮಜ್ಜಿಗಿ, ಯಾರು ಏನು ಕೊಟ್ರೂ ಅದರಾಗ ಹಾಕಿಸಿಕೊಂಡ ಕುಡೀತಿದ್ದ. ಮದುವಿ ಮನ್ಯಾಗೂ ಅಷ್ಟ. ಮಂದಿ ಇಟ್ಟ ಗ್ಲಾಸಿಗೆ ಅಂವ ಬಾಯಿ ಹಚ್ಚಿದ್ದು ಯಾರೂ ನೋಡಿರಲಿಲ್ಲ.

ಆಫೀಸಿನವರು "ಮಡಿ ಭರಮಪ್ಪ" ಅಂತ ಚಾಷ್ಟಿ ಮಾಡತಿದ್ರು. ಅಂವ ನಕ್ಕು ಸುಮ್ಮನಾಗತಿದ್ದ. ಎಲ್ಲಿ ಮಡಿ ತಂದ್ರಿ! ಅವರಪ್ಪ ಊರಿಂದ ಊರಿಗೆ ಸುದ್ದಿ ಮುಟ್ಟಸಾಂವ. ಆ ಕಾಲಕ್ಕ ಚಾದಂಗಡಿ ಹೊರಗ, ತಗಡಿನ ಸಂದ್ಯಾಗ, ಇವರ ಮಂದಿಗಂತ ಬ್ಯಾರೆ ಕಪ್ಪು ಸಿಗಿಸಿ ಇಡತಿದ್ರು. ತಾನ ತಗೋಬೇಕು, ಕುಡದು ತಾನ ತೊಳೀಬೇಕು, ತಿರಗಿ ಅಲ್ಲೇ ಸಿಗಿಸಬೇಕು. ಕೆಟಲಿ ಕಪ್ಪಿಗೆ ತಾಗಬಾರದಂತ ಚಾ ಮ್ಯಾಲಿಂದ ಸುರೀತಿದ್ರು. ಅರ್ಧ ಚಾ ಕೈ ಮ್ಯಾಲ ಬೀಳತಿತ್ತು. ಒಂದು ದಿನ ಮುದುಕನ ತಲಿ ಕೆಟ್ಟು ಪ್ಯಾಟಿಗೆ ಹೋಗಿ ಈ ತಂಬಿಗಿ ತಂದ. "ಇನ್ನ ಮ್ಯಾಲ ಯಾರ ಕಪ್ಪಿಗೂ ಕೈ ಹಚ್ಚಬ್ಯಾಡ ಮಗನ. ನಿಂದು ನಿನ್ನ ಹೆಗಲಿಗಿರಲಿ" ಅಂದ. ಅಪ್ಪ ಹೋದ, ಕಪ್ಪು ಹೋದವು, ಚಾದಂಗಡಿನೂ ಹೋಗಿ ಅಲ್ಲಿ ಮೊಬೈಲ್ ಅಂಗಡಿ ಬಂತು. ಭರಮಪ್ಪನ ಹೆಗಲಮ್ಯಾಲಿನ ತಂಬಿಗಿ ಮಾತ್ರ ಇಳೀಲಿಲ್ಲ.

ಹ್ವಾದ ವರ್ಷ ಮಾರ್ಚಿನಾಗ ಮೊಮ್ಮಗಳು ಪ್ರಣಿತಾ ಮೊಬೈಲ್ ಹಿಡಕೊಂಡು ಬಂದಳು. ಬಿ.ಎಸ್ಸಿ. ಎರಡನೇ ವರ್ಷದಾಗಿದ್ದಾಕಿ.

"ಅಜ್ಜಾ, ಇಲ್ನೋಡು. ಪುಣೆದಾಗ ಆರು ಮಂದಿ ಗೆಳ್ಯಾರು ಊರಾಗಿನ ಬಿಯರ್ ಭಟ್ಟಿ ಎಲ್ಲಾ ತಿರಗ್ಯಾರ. ದೊಡ್ಡ ಕಂಪನಿ ಅಲ್ಲ, ಹೋಟೆಲಿನವರು ತಾವ ತಯಾರ ಮಾಡೂವಂಥವು. ಒಂದೊಂದರ ರುಚಿ ಒಂದೊಂದು ಥರ ಅಂತ. ಕುಡದು ಕುಡದು ನಂಬರ್ ಹಾಕ್ಯಾರ."

ಭರಮಪ್ಪ ಜನ್ಮದಾಗ ಹೆಂಡ ಮುಟ್ಟಿದಾಂವ ಅಲ್ಲ. ಕಂಬ ಹತ್ತಾಂವ ಕುಡದ್ರ ಕೆಳಗ ಹೆಣಾ ಇಳೀತೈತಿ ಅಂತಿದ್ದ. ಆದ್ರೂ ಕೇಳಿದ, "ಅದನ್ನ ಮಾಡೂದು ಹೆಂಗ?"

"ಬಾರ್ಲಿ ನೆನಸಿ, ಕುದಿಸಿ, ಹುಳಿ ಬರಸ್ತಾರ."

"ಹಾಂಗಂದ್ರ ನಾವು ಜ್ವಾಳದ ಹಿಟ್ಟು ಹುಳಿ ಬರಸೂದಿಲ್ಲೇನು? ಅಂಬಲಿಗೆ ಯಾಕ ಯಾರೂ ನಂಬರ್ ಹಾಕಿಲ್ಲ?"

ಪ್ರಣಿತಾ ನಕ್ಕಳು. ಅಜ್ಜ ನಗಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸಿನ ಹೊತ್ತು ಕೇಳಾಕ ಹೋದ.

ಬ್ಯಾಸಿಗಿ ಬಂತಂದ್ರ ನಮ್ಮ ಕಡೆ ರಸ್ತಾದ ಬಾಜೂಕ ಗಿಡದ ನೆರಳು ಎಲ್ಲೈತಿ ಅಲ್ಲೊಂದು ಅಂಬಲಿ ಗಾಡಿ ನಿಂತಿರತೈತಿ. ಗಡಿಗಿಗೆ ಹಸಿ ಅರಿವಿ ಸುತ್ತಿರತಾರ, ಬಾಜೂಕ ಹೆಚ್ಚಿದ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ. ಅಜ್ಜ ಮೊಮ್ಮಗಳು ರವಿವಾರಕ್ಕೊಮ್ಮೆ ಹೊಂಟ್ರು. ಕಿತ್ತೂರಿನಾಗ ಎರಡು ಗಾಡಿ, ಬೈಲಹೊಂಗಲದಾಗ ಮೂರು, ಮುರಗೋಡದಾಗ ಮಠದ ದಾರಿಗೆ ಒಂದು, ಸವದತ್ತಿಯಾಗ ಎರಡು, ರಾಮದುರ್ಗ, ಸುರೇಬಾನ, ಕಡೀಕ ಮನೋಳಿ. ಒಟ್ಟು ಹನ್ನೊಂದು.

ಭರಮಪ್ಪನ ಪದ್ಧತಿ ಎಲ್ಲಾ ಕಡೆ ಒಂದ. ತಂಬಿಗಿ ತಗೀತಿದ್ದ, ಹಾಕಿಸಿಕೊಳ್ಳತಿದ್ದ, ಮ್ಯಾಲ ಟವೆಲ್ ಮುಚ್ಚಿ ಹತ್ತು ಮಿನಿಟು ಸುಮ್ಮನ ಕುಂಡ್ರತಿದ್ದ. "ಅಂಬಲಿ ಹಾಕಿದ ಕೂಡಲೇ ಕುಡದ್ರ ಅದರ ಗುಣ ತಿಳಿಯೂದಿಲ್ಲ. ಕುಂಡ್ರಬೇಕು ಅದು" ಅಂತಿದ್ದ. ಇದನ್ನ ಯಾರು ಕಲಿಸಿದ್ರೋ ಏನೋ. ಆಮ್ಯಾಲ ಕಣ್ಣು ಮುಚ್ಚಿ ಒಂದೊಂದ ಗುಟುಕು ಕುಡದು ನಂಬರ್ ಹೇಳತಿದ್ದ, ಪ್ರಣಿತಾ ಬರಕೊಳ್ಳತಿದ್ದಳು. ರಾಮದುರ್ಗದ್ದಕ್ಕ ಬಳ್ಳೊಳ್ಳಿ ಜಾಸ್ತಿ ಆತು ಅಂತ ಐದು. ಸುರೇಬಾನದಾಂವ ಹಿಟ್ಟು ಸರಿ ಜರಡಿ ಹಿಡದಿಲ್ಲ ಅಂತ ನಾಕೂವರಿ. ಕಿತ್ತೂರಿನ ಒಂದು ಗಾಡಿಗೆ ಒಂಬತ್ತು ಕೊಟ್ಟ. ಅದು ಹೆಸರಿಗೆ ಅಂಬಲಿ, ಮಜ್ಜಿಗೀನ ಜಾಸ್ತಿ, ಹುಳಿ ಅನ್ನೂದು ಇದ್ದಂಗೂ ಇಲ್ಲ, ಇಲ್ಲದಂಗೂ ಇಲ್ಲ.

ಮನೋಳಿಯಾಗ ಹೊಳಿ ಕಡೆ ಇಳಿಯೂ ರಸ್ತಾಕ್ಕ ಒಂದು ಬೇವಿನಗಿಡ. ಅದರ ಬುಡಕ್ಕ ರಾಮವ್ವನ ಗಾಡಿ. ಐವತ್ತು ದಾಟಿದ ಹೆಣಮಗಳು, ಮಾತು ಕಡಿಮಿ. ಹುಳಿ ಎರಡು ದಿನದ್ದು, ಗಡಿಗಿ ಮಣ್ಣಿಂದು, ಸೌಟು ಕಟಗಿದು. ಭರಮಪ್ಪ ಚೀಲದಿಂದ ತಂಬಿಗಿ ತಗದ ಕೂಡಲೇ ಆಕಿ ಒಂದು ಹೆಜ್ಜಿ ಹಿಂದ ಸರದು, ಸೌಟು ಎತ್ತಿ ಮ್ಯಾಲಿಂದ ಸುರದಳು. ಒಂದು ಹನಿ ಆಚೀಕ ಬೀಳಲಿಲ್ಲ. "ಭಲೇ, ಕೈ ಪಳಗೇತಿ" ಅಂದ ಭರಮಪ್ಪ.

ಹತ್ತು ಮಿನಿಟಿನ ಮ್ಯಾಲ ಒಂದ ಗುಟುಕಿಗೆ ಮುಖ ಕಿವುಚಿದ. "ಕಿಲುಬು! ಬರ್ಕೋ, ಒಂದೂವರಿ."

"ಅಜ್ಜಾ, ನನಗ ಎಲ್ಲಾಕ್ಕಿಂತ ಇದ ಚಲೋ ಅನಸ್ತು" ಅಂದಳು ಪ್ರಣಿತಾ. ಆಕಿ ಗಾಡಿಯ ಗ್ಲಾಸಿನಾಗ ಕುಡದಿದ್ದಳು.

"ನಿಂದು ಬಾಟಲಿ ಜ್ಯೂಸ್ ಕುಡದ ನಾಲಗಿ. ಬರೀ ನಾ ಹೇಳಿದ್ದು."

ಬರದಳು. ಮನಿಗೆ ಬಂದು ಫೋಟೋ ಸಮೇತ ಮೊಬೈಲಿಗೂ ಹಾಕಿದಳು: "ಏಳು ಊರಿನ ಅಂಬಲಿ, ಬೈಲಹೊಂಗಲದ ಭರಮಪ್ಪ ಅಜ್ಜನ ಲೆಕ್ಕದಾಗ." ಕಡೀ ಸಾಲು ಮನೋಳಿ ರಾಮವ್ವಂದು. ಮುಂದ ಕಿಲುಬು ನಾರತೈತಿ ಅಂತ. ಯಾರಿಗೆ ಗೊತ್ತಿತ್ತು ಇಷ್ಟು ಮಂದಿ ನೋಡ್ತಾರಂತ? ವಾರದಾಗ ಅದು ಸವದತ್ತಿ ರಾಮದುರ್ಗದ ಎಲ್ಲಾ ಗ್ರೂಪಿನಾಗ ತಿರಗಿ, ತಿರಗಿ ಭರಮಪ್ಪನ ಮೊಬೈಲಿಗೂ ಬಂತು. ಓಣಿಯವರು "ಏನ್ರಿ ಜಡ್ಜ್ ಸಾಹೇಬ್ರ" ಅಂತ ನಮಸ್ಕಾರ ಹಾಕಾಕತ್ತಿದ್ರು. ಭರಮಪ್ಪಗ ಖುಷಿ ಆಗಿತ್ತು, ಸುಳ್ಳ್ಯಾಕ ಹೇಳೂದು.

ಹದಿನೈದು ದಿನದ ಮ್ಯಾಲ, ಬೆಳಿಗ್ಗೆ ಹತ್ತರ ಸುಮಾರಿಗೆ, ರಾಮವ್ವ ಬಾಗಲ ಮುಂದ ಬಂದು ನಿಂತಳು. ಕಂಕುಳಾಗ ಅರಿವಿ ಸುತ್ತಿದ ಸಣ್ಣ ಗಡಿಗಿ. ಒಳಗ ಬರ್ರಿ ಅಂದ್ರೂ ಬರಲಿಲ್ಲ, ಹೊರಗಿನ ಕಟ್ಟಿ ತುದಿಗೆ ಕುಂತಳು.

"ಯಪ್ಪಾ, ನಾ ಜಗಳಾಡಾಕ ಬಂದಿಲ್ರಿ" ಅಂದಳು. "ಎರಡು ಬಸ್ಸು ದಿನಾ ನಮ್ಮ ಗಿಡದ ಕೆಳಗ ನಿಲ್ಲತಿದ್ವು. ಈಗ ನಿಲ್ಲೂದಿಲ್ಲ. ಕಂಡಕ್ಟರು ನಿಮ್ಮ ಫೋಟೋ ತೋರಿಸಿದ. ಈ ಬ್ಯಾಸಿಗಿ ಮ್ಯಾಲ ನಮ್ಮ ವರ್ಷ ಐತ್ರಿ. ಆದ್ರ ನಮ್ಮ ಮನ್ಯಾಗ ತಾಮ್ರ ಇಲ್ಲ, ಹಿತ್ತಾಳಿ ಇಲ್ಲ. ಮಣ್ಣಿನ ಗಡಿಗಿ, ಕಟಗಿ ಸೌಟು. ಕಿಲುಬು ಎಲ್ಲಿಂದ ಬಂತು ಅಂತ ಮೂರು ದಿನ ನಿದ್ದಿ ಬಂದಿಲ್ಲ. ನನ್ನ ಮುಂದ ಇನ್ನೊಮ್ಮೆ ಕುಡದು ಹೇಳ್ರಿ. ಇದ್ರ ನಾನ ಗಾಡಿ ತಗದಬಿಡತೇನಿ."

ನ್ಯಾಯದ ಮಾತು. ಭರಮಪ್ಪ ತಂಬಿಗಿ ತಂದ. ಆಕಿ ಮ್ಯಾಲಿಂದ ಸುರದಳು. ಅಂವ ಟವೆಲ್ ಮುಚ್ಚಿದ. ಹತ್ತು ಮಿನಿಟು ಕಾದ್ರು. ಒಂದು ಗುಟುಕು ಕುಡದು ಭರಮಪ್ಪ ತಲಿ ಅಲ್ಲಾಡಿಸಿದ. "ಐತವ್ವಾ. ಸುಳ್ಳು ಹೇಳಾಕ ಬರೂದಿಲ್ಲ ನನಗ."

ರಾಮವ್ವ ಪ್ರಣಿತಾನ ಕಡೆ ತಿರಗಿದಳು. "ತಂಗೀ, ನೀ ಒಂದು ಗ್ಲಾಸು ತಾ."

ಪ್ರಣಿತಾ ಸ್ಟೀಲ್ ಗ್ಲಾಸು ತಂದು ಅದ ಗಡಿಗಿಯ ಅಂಬಲಿ ಕುಡದಳು. ಇನ್ನೊಂದು ಗುಟುಕು ಕುಡದಳು. "ಅಜ್ಜಾ, ಇದರಾಗ ಕಿಲುಬಿಲ್ಲ" ಅಂದಳು ಮೆತ್ತಗ.

ರಾಮವ್ವ ಕಟ್ಟಿಮ್ಯಾಲಿದ್ದ ತಂಬಿಗಿ ಕಡೆ ನೋಡಿದಳೇ ಹೊರತು ಮುಟ್ಟಲಿಲ್ಲ. "ಅದನ್ನ ಬಿಸಲಿಗೆ ಹಿಡೀರಿ" ಅಂದಳು. ಪ್ರಣಿತಾ ಹಿಡದಳು. ಒಳಗ ಬೆಳ್ಳಗಿರಬೇಕಾದ ತವರದ ಕಲಾಯಿ ಎಲ್ಲೂ ಇರಲಿಲ್ಲ. ಬುಡದಾಗ ಹಸರ ಕಲಿ. ಅದರಾಗ ಹುಳಿ ಅಂಬಲಿ ಹತ್ತು ಮಿನಿಟು ಕುಂತ್ರ ಕಿಲುಬು ಏಳದ ಬಿಡತೈತೇನು?

ಭರಮಪ್ಪನ ಹೆಂಡತಿ ಸಾವಂತ್ರೆವ್ವಗ ಇಷ್ಟ ಬೇಕಾಗಿತ್ತು. ರೊಟ್ಟಿ ಬಡಿಯೂದು ಬಿಟ್ಟು, ಹಿಟ್ಟಿನ ಕೈಲೇ ಹೊರಗ ಬಂದಳು. "ಕಲಾಯಿ ಮಾಡಾಂವ ಈ ಓಣಿಗೆ ಬರೂದ ಬಿಟ್ಟು ಹತ್ತು ವರ್ಷ ಆತು. ಹೇಳಿ ಹೇಳಿ ನನ್ನ ಬಾಯಿ ಬತ್ತಿತು. ತೊಳ್ಯಾಕೂ ಕೊಡೂದಿಲ್ಲ ಯಾರ ಕೈಯಾಗ, ಅಪ್ಪನ ತಂಬಿಗಿ ಅಂತ! ಮನ್ಯಾಗ ಅದರಾಗ ಬರೇ ನೀರು ಚಾ. ಅಂಬಲಿ ಉಣ್ಣೂದು ಸ್ಟೀಲ್ ತಾಟಿನಾಗ. ಹೊರಗ ಹೋಗಿ ಮಂದಿ ಅಂಬಲಿಗೆ ಕಿಲುಬು ಅಂತ ಹೆಸರಿಟ್ಟು ಬಂದಾನ, ದೊಡ್ಡ ಜಡ್ಜು."

ನಾಚಿಕಿ ಆಗಿತ್ತು ಭರಮಪ್ಪಗ, ಕಿವಿ ತನಕ. ಹುಳಿ ಹೆಚ್ಚಿದಷ್ಟೂ ನಂಬರ್ ಕಡಿಮಿ ಬಿದ್ದಿದ್ದು ಈಗ ತಿಳೀತು. ಚಲೋ ಅಂಬಲಿಗೆ ಒಂದೂವರಿ ಕೊಟ್ಟು, ಹುಳಿ ಇಲ್ಲದ ಮಜ್ಜಿಗಿಗೆ ಒಂಬತ್ತು ಕೊಟ್ಟು ಬಂದಿದ್ದ.

"ತಪ್ಪಾತವ್ವಾ" ಅಂದ ಕಡೀಕ. "ಒಳಗ ಬರ್ರಿ. ಎರಡು ರೊಟ್ಟಿ ತಿಂದು ಹೋಗ್ರಿ."

"ಬ್ಯಾಡ್ರಿ ಯಪ್ಪಾ. ನಿಮ್ಮಂಥವರ ಮನಿಯೊಳಗ ನಾವು..."

ಸಾವಂತ್ರೆವ್ವ ಕೇಳಾಕಿ ಅಲ್ಲ. ಹಿಟ್ಟಿನ ಕೈಲೇ ಆಕಿ ರಟ್ಟಿ ಹಿಡದು ಒಳಗ ಎಳಕೊಂಡು ಹೋದಳು. ರಾಮವ್ವ ಹೊಸ್ತಿಲ ದಾಟಿ ಎರಡು ಹೆಜ್ಜಿ ಇಟ್ಟು ನಿಂತಬಿಟ್ಟಳು. ಎದುರಿನ ಗ್ವಾಡಿಮ್ಯಾಲ ಬುದ್ಧನ ಫೋಟೋ, ಅದರ ಬಾಜೂಕ ಬಾಬಾಸಾಹೇಬರ ಫೋಟೋ. ಅವನ್ನ ನೋಡಿದಳು, ಭರಮಪ್ಪನ್ನ ನೋಡಿದಳು.

"ಅಯ್ಯ! ನೀವು ನಮ್ಮವರ?"

"ಹೌದವ್ವ."

"ಮತ್ತ ನನ್ನ ಗ್ಲಾಸು ಯಾಕ ಮುಟ್ಟಲಿಲ್ರಿ? ಬಿಳೇ ಅಂಗಿ, ಚೀಲ, ಸ್ವಂತ ತಂಬಿಗಿ. ಯಾರೋ ದೊಡ್ಡ ಮನಿತನದವರು, ನಮ್ಮ ಕೈದು ಮುಟ್ಟೂದಿಲ್ಲ ಅಂದ್ಕೊಂಡೆ. ನಮ್ಮ ಸೌಟು ನಿಮ್ಮ ತಂಬಿಗಿಗೆ ತಾಗಬಾರದಂತ ಮ್ಯಾಲಿಂದ ಸುರದ್ನಿ."

ಕಿಲುಬಿನ ನಾಚಿಕಿ ಏನೂ ಅಲ್ಲ ಅನಿಸ್ತು ಭರಮಪ್ಪಗ ಇದರ ಮುಂದ. ಅವರಪ್ಪಗ ಮಂದಿ ಮ್ಯಾಲಿಂದ ಸುರೀತಿದ್ರು. ಅದರ ಸಂಕಟಕ್ಕ ಆ ಮುದುಕ ಈ ತಂಬಿಗಿ ತಂದಿದ್ದ. ಅದ ತಂಬಿಗಿ ನೋಡಿ, ತನ್ನ ಅಕ್ಕನೋ ತಂಗಿಯೋ ಆಗಬೇಕಾದ ಒಬ್ಬಾಕಿ ಹಿಂದ ಸರದು ಮ್ಯಾಲಿಂದ ಸುರದಿದ್ದಳು. ಅದಕ್ಕ ತಾನು ಭಲೇ ಅಂದಿದ್ದ.

ರಾಮವ್ವ ಉಂಡು ಹೋದಳು. ಪ್ರಣಿತಾ ಅವತ್ತ ಹಳೇ ಪಟ್ಟಿ ತಗದು, ಅಜ್ಜ ಹೇಳಿದಂಗ ಹೊಸಾದು ಬರದಳು: "ಮನೋಳಿ ಅಂಬಲಿಯಾಗ ಕಿಲುಬಿಲ್ಲ. ಕಿಲುಬು ಇದ್ದಿದ್ದು ನನ್ನ ತಂಬಿಗಿಯಾಗ. ಹನ್ನೊಂದಕ್ಕೂ ಕೊಟ್ಟ ನಂಬರ್ ತಪ್ಪು. ಇನ್ನೊಮ್ಮೆ ತಿರಗತೇನಿ. ಭರಮಪ್ಪ." ಮಂದಿ ನಕ್ಕರು, ಇನ್ನೂ ನಗತಾರ. ಜಡ್ಜ್ ಸಾಹೇಬ್ರ ತಂಬಿಗಿ ಅಂತ ಓಣಿಯಾಗ ಇವತ್ತಿಗೂ ಚಾಷ್ಟಿ ನಡದೈತಿ. ನಕ್ಕರೂ ಪಟ್ಟಿಯಂತೂ ಮೊದಲಿನದಕ್ಕಿಂತ ಜಾಸ್ತಿ ತಿರಗಿತು.

ರವಿವಾರ ಭರಮಪ್ಪ ಮನೋಳಿಗೆ ಹೊಂಟ. ತಂಬಿಗಿ ಚೀಲ ಮನ್ಯಾಗ ಗೂಟದಾಗ ಉಳೀತು. ಸಾವಂತ್ರೆವ್ವ ನೋಡಿದಳು. ಬಸ್ಸಿನಾಗ ಕುಂತಾಗ ಅಂವ ಎರಡು ಸಲ ಬರಿ ಹೆಗಲು ಮುಟ್ಟಿಕೊಂಡ.

ಬೇವಿನಗಿಡದ ಕೆಳಗ ಒಂದು ಬಸ್ಸು ನಿಂತಿತ್ತು, ನಾಕೈದು ಮಂದಿ ಇಳದಿದ್ರು. ಭರಮಪ್ಪ ಅವರ ಹಿಂದ ನಿಂತ. ಮುಂದಿನಾಂವ ಕುಡದು ಇಟ್ಟ ಗ್ಲಾಸನ್ನ ರಾಮವ್ವ ತೊಳದು ಮುಂದ ಮಾಡಿದಳು, ಮುಖ ನೋಡಿ ಒಂದು ಕ್ಷಣ ತಡದಳು. ಭರಮಪ್ಪ ಗ್ಲಾಸು ತಗೊಂಡ.

ರಾಮವ್ವ ಸೌಟು ತುಂಬಿದಳು. ರೂಢಿ ಹೋಗಬೇಕಲ್ಲ, ಕೈ ತಾನ ಮ್ಯಾಲ ಎದ್ದಿತು.

"ಕೆಳಗ ತಗೋರಿ" ಅಂದ ಭರಮಪ್ಪ.

"ತಾಗತೈತ್ರಿ ಯಣ್ಣಾ."

ಭರಮಪ್ಪ ಗ್ಲಾಸನ್ನ ಮ್ಯಾಲ ಎತ್ತಿ ಸೌಟಿನ ಅಂಚಿಗೆ ಹಚ್ಚಿದ.

"ತಾಗಲಿ" ಅಂದ. "ಸುರೀರಿ."