ಹಡಗಿನ ಹೊಟ್ಟೆ ಬಲ್ಲ ದಿಮ್ಮಿಯಕ್ಕ

ಹೊಸ ಇಂಜಿನಿಯರ್ ಹುಡುಗಿ ದಿಮ್ಮಿಯಕ್ಕನನ್ನು ಮೊದಲ ಸಲ ಕಂಡಾಗ ಅವರು ಹಡಗು ರಿಪೇರಿ ಮಾಡುವ ಡಾಕಿನ ತಳದಲ್ಲಿ ಅಂಗಾತ ಮಲಗಿದ್ದರು.

ಅದು ಅವಳು ಕೆಲಸಕ್ಕೆ ಸೇರಿದ ದಿನ, ಬೆಳಿಗ್ಗೆ ಎಂಟು ಗಂಟೆ. ಉಗ್ರಾಣದವನು ಕೊಟ್ಟ ಹಳದಿ ಹೆಲ್ಮೆಟ್ಟು ಒಂದು ಅಳತೆ ದೊಡ್ಡದಾಗಿ ಹುಬ್ಬಿನ ಮೇಲೆ ಜಾರುತ್ತಿತ್ತು. ಹೊಸ ಬೂಟು ಹಿಮ್ಮಡಿ ಕಚ್ಚುತ್ತಿತ್ತು. ಗೋಡೆಗೆ ಅಂಟಿದ ಕಬ್ಬಿಣದ ಮೆಟ್ಟಿಲುಗಳನ್ನು ಎಣಿಸಿಕೊಂಡೇ ಇಳಿದಳು; ಎಂಬತ್ತಾರಿದ್ದವು. ಕೆಳಗೆ ಕೆಸರು, ಹಳೆ ಬಣ್ಣ, ಸತ್ತ ಚಿಪ್ಪುಗಳ ವಾಸನೆ. ನಡುವೆ ಎದೆಯೆತ್ತರದ ದಿಮ್ಮಿಗಳ ಸಾಲು, ಬುಡ ಕಾಂಕ್ರೀಟು, ನೆತ್ತಿ ಮರ. ಆ ಸಾಲಿನ ಪಕ್ಕದಲ್ಲಿ, ಒದ್ದೆ ನೆಲದ ಮೇಲೆ, ಹೆಲ್ಮೆಟ್ಟನ್ನು ಎದೆಯ ಮೇಲಿಟ್ಟುಕೊಂಡು ಐವತ್ತು ದಾಟಿದ ಒಬ್ಬ ಹೆಂಗಸು ಬಿದ್ದಿದ್ದಾರೆ. ಹುಡುಗಿ ಎದ್ದುಬಿದ್ದು ಓಡಿದಳು.

"ಅಯ್ಯೋ, ಏನಾಯ್ತಮ್ಮಾ? ಯಾರಾದ್ರೂ ಬನ್ನಿ!"

ಮಲಗಿದ್ದವರು ಕಣ್ಣು ಕದಲಿಸಲಿಲ್ಲ. "ಕೂಗಬೇಡ ತಾಯಿ, ನಾನು ಬಿದ್ದಿಲ್ಲ, ಮಲಗಿದೀನಿ. ನೀನೊಂಚೂರು ಆಚೆ ಬಾ. ಎಣ್ಣೆ ಟ್ಯಾಂಕಿನೊಳಗೆ ತಲೆ ಹಾಕ್ಕೊಂಡು ನಿಂತಿದೀಯ."

ಹುಡುಗಿ ಮೇಲೆ ನೋಡಿದಳು. ಬರಿಯ ಆಕಾಶ, ಒಂದು ಕ್ರೇನಿನ ಕೊಕ್ಕೆ.

"ಎಲ್ಲಿದೆ ಟ್ಯಾಂಕು?"

"ನಾಳೆ ಹಡಗಿನ ಜೊತೆ ಬರುತ್ತೆ. ನಾನು ಇವತ್ತೇ ನೋಡ್ತಿದೀನಿ," ಎಂದು ಅವರು ಎದ್ದು ಕೂತು, ಬೆನ್ನಿನ ಕೆಸರು ಕೊಡವಿಕೊಂಡು, ಹುಡುಗಿಯ ಹೆಲ್ಮೆಟ್ಟನ್ನು ಸರಕ್ಕನೆ ತೆಗೆದು ಒಳಗಿನ ಪಟ್ಟಿಯನ್ನು ಎರಡು ತೂತು ಬಿಗಿಮಾಡಿ ಮತ್ತೆ ತಲೆಗಿಟ್ಟರು. "ಡಿಗ್ರಿ ಒಳಗಡೆ ಭದ್ರವಾಗಿರಲಿ."

ಅವರ ಕೆಲಸವೇನೆಂದು ಅವಳಿಗೆ ಅರ್ಥವಾಗಲು ಒಂದು ವಾರ ಬೇಕಾಯಿತು. ಡ್ರೈ ಡಾಕೆಂದರೆ ಬಾಗಿಲಿರುವ ದೊಡ್ಡ ಕೊಳ. ನೀರು ತುಂಬಿಸಿ ಬಾಗಿಲು ತೆರೆದರೆ ಹಡಗು ತೇಲಿ ಒಳಬರುತ್ತದೆ. ಬಾಗಿಲು ಮುಚ್ಚಿ ನೀರನ್ನು ಹೊರಹಾಕಿದರೆ ಅದು ಮೆಲ್ಲಗೆ ಇಳಿದು ದಿಮ್ಮಿಗಳ ಮೇಲೆ ಕೂರುತ್ತದೆ. ಆಮೇಲೆ ಕೆಳಗೆ ನಿಂತು ರಿಪೇರಿ ಮಾಡಬಹುದು. ಆದರೆ ದಿಮ್ಮಿಗಳನ್ನು ಹಡಗು ಬರುವ ಮುಂಚೆಯೇ ಜೋಡಿಸಿಡಬೇಕು. ನೀರು ತುಂಬಿದ ಮೇಲೆ ಕೆಳಗೇನಿದೆಯೆಂದು ಕಾಣುವುದಿಲ್ಲ. ಒಂದು ಗೇಣು ಆಚೀಚೆಯಾದರೆ ಸಾವಿರಾರು ಟನ್ ಕಬ್ಬಿಣ ತಪ್ಪು ಜಾಗದಲ್ಲಿ ಕೂತು ತನ್ನ ಹೊಟ್ಟೆಯನ್ನು ತಾನೇ ಒಡೆದುಕೊಳ್ಳುತ್ತದೆ. ಈ ದಿಮ್ಮಿಗಳ ಮೇಸ್ತ್ರಿಯೇ ದಿಮ್ಮಿಯಕ್ಕ. ಅವರ ಅಪ್ಪ ಅದೇ ಡಾಕಿನಲ್ಲಿ ಬಡಗಿ. ಏಳನೇ ಕ್ಲಾಸು ಮುಗಿಸಿ ಅಪ್ಪನಿಗೆ ಊಟ ಕೊಡಲು ಬಂದವರು ಮರ ಕೆತ್ತುವ ಬಾಚಿ ಹಿಡಿದು ಅಲ್ಲೇ ಉಳಿದಿದ್ದರು. ಗಂಡ ಎಣ್ಣೆ ಹಡಗಿನಲ್ಲಿ ಅಡುಗೆಯವರು. ಏಳು ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ. "ಅವರು ಹಡಗಿನವರ ಹೊಟ್ಟೆ ನೋಡ್ಕೋತಾರೆ, ನಾನು ಹಡಗಿನ ಹೊಟ್ಟೆ ನೋಡ್ಕೋತೀನಿ," ಎನ್ನುತ್ತಿದ್ದರು ದಿಮ್ಮಿಯಕ್ಕ.

ಹುಡುಗಿ ಹುಟ್ಟಿ ಬೆಳೆದ ಹಳ್ಳಿಯಿಂದ ಸಮುದ್ರ ಎರಡು ದಿನದ ದಾರಿ. ಅವಳ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲಿಗಳು. ಹಡಗಿನ ಲೆಕ್ಕಗಳನ್ನೆಲ್ಲ ಬಾಯಿಪಾಠ ಮಾಡಿದ್ದಳು. ಹಡಗನ್ನು ಮಾತ್ರ ಹತ್ತಿರದಿಂದ ನೋಡಿರಲಿಲ್ಲ. ಇದನ್ನು ಯಾರಿಗೂ ಹೇಳಿರಲಿಲ್ಲ, ಆದರೆ ದಿಮ್ಮಿಯಕ್ಕ ಕಂಡುಹಿಡಿದರು. ಒಂದು ಭಾನುವಾರ ಊಟಕ್ಕೆ ಕರೆದರು. ಡಾಕಿನ ಹಿಂದಿನ ಮೂರನೇ ಬೀದಿಯಲ್ಲಿ ಎರಡು ಕೋಣೆಯ ಮನೆ. ಊಟವಾದ ಮೇಲೆ ಅಡುಗೆಮನೆಯ ಪಾತ್ರೆಗಳನ್ನು ಒಂದೊಂದಾಗಿ ನೆಲದ ಮೇಲೆ ಮಗುಚಿ ಹಾಕಿದರು.

"ಇದು ಬ್ರೆಡ್ಡಿನ ಡಬ್ಬಿ. ಎಣ್ಣೆ ಹಡಗು ಅಂದ್ರೆ ಇದೇ. ತಳ ಹೇಗಿದೆ ಹೇಳು?"

"ನಮ್ಮೂರ ಕಣದ ಥರ ಚಪ್ಪಟೆ," ಎಂದಳು ಹುಡುಗಿ.

"ಸರಿ. ಆದ್ರೆ ಒಳಗೆ ಕೋಣೆ ಕೋಣೆ. ದಿಮ್ಮಿ ಗೋಡೆ ಕೆಳಗೇ ಬರಬೇಕು, ಬಯಲಲ್ಲಿ ಇಟ್ರೆ ತಗಡು ಒಳಕ್ಕೆ ಹೋಗುತ್ತೆ. ಕಲ್ಲಿದ್ದಲು, ಧಾನ್ಯ ಸುರಿಯೋ ಹಡಗೂ ಇದರ ತಂಗಿನೇ. ಕಂಟೇನರ್ ಹಡಗು ಮೇಲೆ ನೋಡಿದ್ರೆ ಬೆಟ್ಟ, ಕೆಳಗೆ ನಡು ಮಾತ್ರ ಚಪ್ಪಟೆ, ಎರಡೂ ತುದಿ ಸಣ್ಣ. ಮೇಲಿನ ಠೀವಿ ನೋಡಿ ಮೋಸ ಹೋಗಬಾರದು."

ಸೌಟನ್ನು ಬೋರಲು ಇಟ್ಟರು. "ಇದು ಯುದ್ಧನೌಕೆ. ಓಡೋದೇ ಇದರ ಕೆಲಸ, ಅದಕ್ಕೆ ಮೈಯಲ್ಲಿ ಒಂಚೂರೂ ಕೊಬ್ಬಿಲ್ಲ. ಚಪ್ಪಟೆ ಜಾಗವೇ ಇಲ್ಲ. ಒಂದೇ ಗೆರೆ ಮೇಲೆ ನಿಲ್ಲುತ್ತೆ. ಎರಡೂ ಪಕ್ಕ ಆಸರೆ ಕೊಡದಿದ್ರೆ ಮಗ್ಗುಲಾಗುತ್ತೆ. ಜಲಾಂತರ್ಗಾಮಿ ಅದಕ್ಕಿಂತ ಕಷ್ಟ, ಉರುಟು ಸೌತೆಕಾಯಿ, ತೊಟ್ಟಿಲೇ ಕಟ್ಟಬೇಕು. ಇನ್ನು ಹೂಳೆತ್ತೋ ಹಡಗು ಬರುತ್ತೆ ನೋಡು, ಅದರ ಹೊಟ್ಟೆಯಲ್ಲೇ ಬಾಗಿಲು! ಮಣ್ಣು ತುಂಬ್ಕೊಂಡು ದೂರ ಹೋಗಿ, ಬಾಗಿಲು ಬಿಟ್ಟು ಸುರಿದುಬಿಡುತ್ತೆ. ಬಾಗಿಲ ಕೆಳಗೆ ದಿಮ್ಮಿ ಇಟ್ಟೆಯೋ, ಬಂದ ಕೆಲಸವೇ ಕೆಟ್ಟಿತು."

ಮೂಲೆಯಲ್ಲಿ ಕೂತಿದ್ದ ದಿಮ್ಮಿಯಕ್ಕನ ಅತ್ತೆ ತಡೆಯಲಾಗದೆ ಹೇಳಿದರು: "ಮೂವತ್ತು ವರ್ಷದಿಂದ ನೋಡ್ತಿದೀನಿ. ಈ ಮನೇಲಿ ಪಾತ್ರೆಗಳು ಸೀದಾ ಇದ್ದಿದ್ದಕ್ಕಿಂತ ಬೋರಲು ಬಿದ್ದಿದ್ದೇ ಜಾಸ್ತಿ."

"ಸೀದಾ ಇದ್ದಾಗ ನೀವು ತುಂಬಿಸ್ತೀರಲ್ಲ ಅತ್ತೆ, ಸಾಕು," ಎಂದರು ಸೊಸೆ.

ಎಂಟು ತಿಂಗಳು ಕಳೆಯಿತು. ನೌಕಾಪಡೆಯ ಸಮೀಕ್ಷೆ ಹಡಗೊಂದು ರಿಪೇರಿಗೆ ಬರುವುದೆಂದು ಗೊತ್ತಾಯಿತು. ಅದರಲ್ಲಿ ತೋಪಿಲ್ಲ, ಸರಕಿಲ್ಲ. ಸಮುದ್ರದ ಆಳ ಅಳೆದು ನಕ್ಷೆ ಮಾಡುವುದೇ ಅದರ ಕೆಲಸ. ಹೊಟ್ಟೆಯ ಕೆಳಗೆ ಒಂದು ಪಕ್ಕದಲ್ಲಿ ಮಂಚದಷ್ಟಗಲದ ಉಪಕರಣವಿದೆ. ತಳಕ್ಕೆ ಸದ್ದು ಕಳಿಸಿ ಮರುದನಿ ಕೇಳಿಸಿಕೊಳ್ಳುತ್ತದೆ. ಡಾಕಿನವರು ಅದನ್ನು ಕಿವಿ ಎನ್ನುತ್ತಾರೆ. ಅದು ಜಜ್ಜಿಹೋದರೆ ಹಡಗು ಕಿವುಡು. ಆ ಹಡಗು ಬರೆದ ನಕ್ಷೆ ನಂಬಿಕೊಂಡೇ ಎಣ್ಣೆ ಹಡಗು, ಯುದ್ಧನೌಕೆ, ಮೀನಿನ ದೋಣಿ ಎಲ್ಲವೂ ನಡೆಯುತ್ತವೆ.

ದಿಮ್ಮಿಗಳನ್ನು ಎಲ್ಲೆಲ್ಲಿ ಇಡಬೇಕೆಂಬ ಡ್ರಾಯಿಂಗನ್ನು ನೌಕಾಪಡೆ ಕಳಿಸಿತ್ತು. ಚಾಪೆಯಷ್ಟು ದೊಡ್ಡ ಹಾಳೆ, ತುಂಬ ಗೆರೆ, ಸಣ್ಣ ಅಕ್ಷರ. ಕೆಲಸಗಾರರಿಗೆ ಸುಲಭವಾಗಲೆಂದು ಹುಡುಗಿ ಮೂರು ದಿನ ಕೂತು ಅದನ್ನು ಒಂದು ಚಿಕ್ಕ ಹಾಳೆಗೆ ಇಳಿಸಿ ಬಣ್ಣ ತುಂಬಿದಳು. ದಿಮ್ಮಿಗಳು ನೀಲಿ, ಕಿವಿಗೆ ಬಿಡಬೇಕಾದ ಜಾಗ ಕೆಂಪು. ಮ್ಯಾನೇಜರ್ "ಭೇಷ್" ಎಂದು ಸಹಿ ಹಾಕಿದರು. ಅದು ಅವಳು ಒಬ್ಬಳೇ ಮಾಡಿದ ಮೊದಲ ಕೆಲಸ. ಹಾಳೆಯ ಫೋಟೋ ತೆಗೆದು ಮನೆಗೂ ಕಳಿಸಿದಳು.

ಕೆಲಸಗಾರರು ಅದರಂತೆಯೇ ದಿಮ್ಮಿಗಳನ್ನು ಜೋಡಿಸಿದರು. ಹಡಗು ಬರುವ ದಿನ ಹನ್ನೊಂದೂವರೆಗೆ ದೊಡ್ಡ ಉಬ್ಬರ. ಡಾಕು ತುಂಬಲು ಮೂರು ಗಂಟೆ ಬೇಕು. ಏಳಕ್ಕೇ ನೀರು ಬಿಡುವುದೆಂದು ಮ್ಯಾನೇಜರ್ ಹೇಳಿದ್ದರು. ಆರೂವರೆಗೆ ದಿಮ್ಮಿಯಕ್ಕ ಎಂದಿನಂತೆ ಕೆಳಗಿಳಿದು, ಹಡಗಿನ ಮೂಗು ಬರುವ ಕಡೆ ತಲೆ ಮಾಡಿ ಮಲಗಿದರು. ಹಡಗು ಆಗಲೇ ಮೇಲೆ ಕೂತಿದೆಯೆಂದು ಎಣಿಸಿ ಸ್ವಲ್ಪ ನೋಡುವರು, ಎದ್ದು ನಾಲ್ಕು ಹೆಜ್ಜೆ ಹೋಗಿ ಮತ್ತೆ ಮಲಗುವರು. ನಡು ದಾಟಿದ ಮೇಲೆ ಒಂದೇ ಕಡೆ ಎರಡು ಸಲ ಮಲಗಿದರು. ಎದ್ದು ಮೇಲಕ್ಕೆ ಕೂಗಿದರು:

"ನೀರು ಬಿಡಬೇಡಿ!"

ಮ್ಯಾನೇಜರ್ ಎಂಬತ್ತಾರು ಮೆಟ್ಟಿಲನ್ನೂ ಇಳಿದು ಬಂದರು, ಹಿಂದೆ ಹುಡುಗಿ.

"ಕಿವಿಯ ಜಾಗ ಉಲ್ಟಾ ಆಗಿದೆ ಸಾರ್," ಎಂದರು ದಿಮ್ಮಿಯಕ್ಕ. "ಆರು ವರ್ಷದ ಹಿಂದೆ ಇದೇ ಹಡಗನ್ನ ನಾನೇ ಕೂರಿಸಿದ್ದೆ. ಕಿವಿ ನೀರೆತ್ತೋ ಪಂಪ್‌ಮನೆ ಕಡೆ ಇತ್ತು. ಈಗ ಖಾಲಿ ಬಿಟ್ಟಿರೋದು ಈ ಕಡೆ. ಅಲ್ಲಿ ದಿಮ್ಮಿಗಳು ನಿಂತಿವೆ."

"ಆರು ವರ್ಷದ ಹಿಂದೆ ಹಡಗು ಹಿಂದುಮುಂದಾಗಿ ಒಳಗೆ ಬಂದಿರಬಹುದಲ್ಲಮ್ಮ?"

"ಮೂಗು ಮುಂದೆ ಮಾಡ್ಕೊಂಡೇ ಬಂದಿತ್ತು."

"ಅದು ನಿನ್ನ ನೆನಪು. ಇಲ್ಲಿ ಸಹಿ ಆದ ಡ್ರಾಯಿಂಗ್ ಇದೆ." ಮ್ಯಾನೇಜರ್ ಕೆಟ್ಟವರಲ್ಲ, ಆದರೆ ಹೊರಗೆ ನೌಕಾಪಡೆಯ ಹಡಗು ಎಳೆದು ತರುವ ಎರಡು ಟಗ್ಗು ದೋಣಿ ಕಟ್ಟಿಕೊಂಡು ಕಾಯುತ್ತಿತ್ತು. "ಈ ಉಬ್ಬರ ತಪ್ಪಿದ್ರೆ ಇಷ್ಟು ನೀರು ಬರೋದು ಹದಿನೈದು ದಿನಕ್ಕೆ. ನೀನು ತಪ್ಪಾಗಿದ್ರೆ ಏನ್ಮಾಡ್ತೀಯ?"

ದಿಮ್ಮಿಯಕ್ಕ ಕೈಗವಸು ಬಿಚ್ಚಿ ದಿಮ್ಮಿಯ ಮೇಲಿಟ್ಟರು. "ಮೂವತ್ತೊಂಬತ್ತು ವರ್ಷದಲ್ಲಿ ಇನ್ನೂರಾ ಹತ್ತು ಹಡಗು ಕೂರಿಸಿದೀನಿ. ನನ್ನ ಮಾತು ಸುಳ್ಳಾದ್ರೆ ಇವತ್ತೇ ಮನೆಗೆ ಹೋಗ್ತೀನಿ, ಮತ್ತೆ ಈ ನೆಲ ತುಳಿಯಲ್ಲ. ಆದ್ರೆ ನಾನಿಲ್ಲಿರೋವಾಗ ಆ ಹಡಗಿನ ಕಿವಿ ಒಡೆಯೋಕೆ ಬಿಡಲ್ಲ."

ಎಲ್ಲರೂ ಕೊಕ್ಕರೆ ಎನ್ನುತ್ತಿದ್ದ ಕ್ರೇನ್ ನಡೆಸುವವನೂ ಮೇಲಿನಿಂದ ಬಗ್ಗಿ ನೋಡುತ್ತಿದ್ದ. ಹುಡುಗಿ ತಿರುಗಿ ಮೆಟ್ಟಿಲ ಕಡೆ ಓಡಿದಳು.

ಕಚೇರಿಯ ಕಪಾಟಿನಲ್ಲಿ ಚಾಪೆ ಸುತ್ತಿದಂತೆ ಸುತ್ತಿಟ್ಟಿದ್ದ ಮೂಲ ಡ್ರಾಯಿಂಗನ್ನು ನೆಲದ ಮೇಲೆ ಹರವಿ, ಮಂಡಿಯೂರಿ ಹುಡುಕಿದಳು. ಎಡ, ಬಲ ಎಂದು ಎಲ್ಲಿಯೂ ಬರೆದಿರಲಿಲ್ಲ. ಕೆಳಗಿನ ಮೂಲೆಯಲ್ಲಿ, ಕಾಗದ ಮಡಚಿ ಸವೆದ ಕಡೆ, ಇರುವೆಯಂಥ ಅಕ್ಷರದಲ್ಲಿ ಇತ್ತು: ತಳದಿಂದ ನೋಡಿದಂತೆ.

ಡ್ರಾಯಿಂಗು ಹಡಗಿನ ಹೊಟ್ಟೆಯನ್ನು ಕೆಳಗಿನಿಂದ ನೋಡಿ ಬರೆದದ್ದು. ಅವಳು ಅದನ್ನು ಹಾಗೆಯೇ ಇಳಿಸಿದ್ದಳು, ಆ ಒಂದು ಸಾಲನ್ನು ಬಿಟ್ಟು. ಕೆಲಸಗಾರರು ಹಾಳೆಯನ್ನು ಕೈಯಲ್ಲಿ ಹಿಡಿದು, ನೆಲವನ್ನು ಮೇಲಿನಿಂದ ನೋಡುತ್ತ ದಿಮ್ಮಿ ಇಟ್ಟಿದ್ದರು. ಬಲವೆಲ್ಲ ಎಡ, ಎಡವೆಲ್ಲ ಬಲ. ಹಡಗಿನ ಎರಡು ಪಕ್ಕವೂ ಒಂದೇ ರೀತಿಯಿದ್ದರೆ ಇದು ಯಾರಿಗೂ ತಿಳಿಯುತ್ತಲೇ ಇರಲಿಲ್ಲ. ಈ ಹಡಗಿಗೆ ಕಿವಿ ಒಂದೇ ಕಡೆ.

ಮನೆಗೆ ಕಳಿಸಿದ ಫೋಟೋ ಕಣ್ಣೆದುರು ಬಂತು. ಹಾಳೆಯನ್ನು ಸುತ್ತಿಕೊಂಡು ಇಳಿದಳು. ಕೆಳಗೆ ಬಂದು ಎಲ್ಲರ ಎದುರಿಗೇ ಹೇಳಿದಳು: "ಅಕ್ಕ ಹೇಳಿದ್ದೇ ಸರಿ ಸಾರ್. ತಪ್ಪು ನನ್ನದು."

ಮ್ಯಾನೇಜರ್ ಆ ಸಾಲನ್ನು ಮೂರು ಸಲ ಓದಿದರು. "ಇದರಲ್ಲಿ ಉಲ್ಟಾ ಹೇಗಾಗುತ್ತೆ?" ಎಂದು ಕೊಕ್ಕರೆ ಮೇಲಿನಿಂದ ಕೇಳಿದ.

"ನಿನ್ನ ಬಲಗೈ ಎತ್ತಿ ಅದರ ಬೆನ್ನು ನೋಡಪ್ಪ, ಹೆಬ್ಬೆರಳು ಯಾವ ಕಡೆ?" ಎಂದರು ದಿಮ್ಮಿಯಕ್ಕ. "ಈಗ ಅದನ್ನೇ ತಿರುಗಿಸಿ ಅಂಗೈ ನೋಡು, ಅದೇ ಕೆಳಗಿಂದ ನೋಡಿದ ಹಾಗೆ. ಆ ಕಡೆ ಹೋಯ್ತಾ? ಹೋಯ್ತಲ್ಲ, ಇನ್ನು ಕೈ ಇಳಿಸಿ ಕ್ರೇನು ಹಿಡಿ. ಒಂಬತ್ತು ದಿಮ್ಮಿ ಎತ್ತಬೇಕು."

ಎಂಟೂವರೆಯ ಒಳಗೆ ನೀರು ಬಿಟ್ಟರೆ ಮಾತ್ರ ಉಬ್ಬರ ಸಿಗುತ್ತದೆ. ಆಗ ಏಳಕ್ಕೆ ಐದು ನಿಮಿಷ. ಒಂದೊಂದು ದಿಮ್ಮಿಯೂ ಎರಡು ಟನ್. ಕೊಕ್ಕರೆ ಎತ್ತಿದ, ನಾಲ್ವರು ಹಗ್ಗ ಹಿಡಿದು ತಿರುಗಿಸಿದರು, ಹುಡುಗಿ ಟೇಪು ಹಿಡಿದು ಅಳತೆ ಕೂಗಿದಳು. ಪ್ರತಿಯೊಂದನ್ನೂ ದಿಮ್ಮಿಯಕ್ಕ ಅಂಗೈಯಿಂದ ತಟ್ಟಿ, ಮಟ್ಟಗೋಲು ಇಟ್ಟು, "ಹೂಂ" ಎಂದ ಮೇಲೆಯೇ ಮುಂದಿನದು. ಮ್ಯಾನೇಜರ್ ಕೋಟು ತೆಗೆದಿಟ್ಟು ಹಗ್ಗಕ್ಕೆ ಕೈ ಹಾಕಿದರು. ಎಂಟು ಗಂಟೆ ಇಪ್ಪತ್ತು ನಿಮಿಷಕ್ಕೆ ದಿಮ್ಮಿಯಕ್ಕ ಕೊನೆಯ ಸಲ ಮಲಗಿ, ಎದ್ದು, ತಲೆಯಾಡಿಸಿದರು. ಎಲ್ಲರೂ ಮೇಲೆ ಹತ್ತಿದರು. ನೀರು ಭೋರ್ಗರೆದು ಒಳನುಗ್ಗಿತು.

ಹಡಗು ಸರಿಯಾಗಿ ಉಬ್ಬರಕ್ಕೇ ಒಳಬಂತು. ಸಂಜೆಯ ಹೊತ್ತಿಗೆ ಡಾಕು ಒಣಗಿತು. ಬಿಳಿ ಸಮವಸ್ತ್ರದ ಕ್ಯಾಪ್ಟನ್ ತಾವೇ ಕೆಳಗಿಳಿದು ಬಂದರು. ಕಿವಿ ಬಯಲಿನಲ್ಲಿ ತೂಗುತ್ತಿತ್ತು, ಗೀರಿಲ್ಲ, ಕಲೆಯಿಲ್ಲ. ಅಕ್ಕಪಕ್ಕದ ದಿಮ್ಮಿಗಳು ಎರಡೂ ಕಡೆ ಮೊಳದಷ್ಟು ದೂರ. ಕ್ಯಾಪ್ಟನ್ ಅದರ ಸುತ್ತ ಒಂದು ಸುತ್ತು ಬಂದರು.

"ಯಾರು ಕೂರಿಸಿದ್ದು?" ಎಂದು ಕೇಳಿದರು.

ದಿಮ್ಮಿಯಕ್ಕ ಬೆನ್ನಿನ ಕೆಸರೂ ತೊಳೆಯದೆ ಅಲ್ಲೇ ನಿಂತಿದ್ದರು. "ನಾನು ಸಾರ್. ಹಿಂದಿನ ಸಲವೂ ನಾನೇ."

ಕ್ಯಾಪ್ಟನ್ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು ಅವರ ಕೈ ಕುಲುಕಿದರು. ಹುಡುಗಿಗೆ ತನ್ನ ತಪ್ಪಿನ ನಾಚಿಕೆಯ ನಡುವೆಯೂ ಎದೆಯುಬ್ಬಿ ಬಂತು. ಈ ಹೆಂಗಸಿನ ಪಕ್ಕದಲ್ಲಿ ಟೇಪು ಹಿಡಿದವಳು ತಾನು ಎನ್ನುವುದೇ ಅವಳಿಗೆ ಡಿಗ್ರಿಗಿಂತ ದೊಡ್ಡದಾಗಿ ಕಂಡಿತು.

ಮರುದಿನ ಅವಳು ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದಳು, ತನ್ನ ಹೆಸರನ್ನು ಮುಚ್ಚಿಡದೆ. ಕೆಲಸ ಹೋಗುತ್ತದೆಂದೇ ತಿಳಿದಿದ್ದಳು. ಮ್ಯಾನೇಜರ್ ಓದಿ, ಕನ್ನಡಕ ತೆಗೆದು, "ನಾನೂ ನೋಡದೆ ಸಹಿ ಹಾಕಿದವನೇ," ಎಂದರು. ದಿಮ್ಮಿಯಕ್ಕನನ್ನು ಒಳಗೆ ಕರೆಸಿದರು. ಅವರು ಬಂದವರೇ ಹುಡುಗಿಯ ಮುಖ ನೋಡಿ, "ಯಾಕಮ್ಮ, ನೀರು ಬಿಟ್ಟಿದ್ದು ಡಾಕಿಗೋ ಕಣ್ಣಿಗೋ?" ಎಂದರು. ಹುಡುಗಿಯ ಕೆಲಸ ಹೋಗಲಿಲ್ಲ. ಆ ವಾರವೇ ಡಾಕಿನಲ್ಲಿ ಹೊಸ ಕಟ್ಟಳೆ ಬಂತು: ಡ್ರಾಯಿಂಗನ್ನು ಯಾರೇ ಬರೆಯಲಿ, ನೆಲದ ಮೇಲೆ ಅದನ್ನು ತಾಳೆ ನೋಡುವುದು ಮೇಸ್ತ್ರಿಯ ಅಧಿಕಾರ.

ದಿಮ್ಮಿಯಕ್ಕ ಈಗ ಆ ಡಾಕಿನ ತಳಕ್ಕೆ ಮುಖ್ಯಸ್ಥೆ. ಎರಡು ತಿಂಗಳಿಗೆ ಒಂದೋ ಎರಡೋ ಹಡಗು ಕೂರಿಸುತ್ತಾರೆ. ಅವರ ಸಹಿಯಿಲ್ಲದೆ ಅಲ್ಲಿ ನೀರು ಬಿಡುವುದಿಲ್ಲ.