ತಳ ಹಿಡಿದ ಮಡಕೆ

ಪುರಾತತ್ವ ಇಲಾಖೆಯ ಉಗ್ರಾಣದಲ್ಲಿ ಮೂವತ್ತೊಂದು ವರ್ಷ ನಾಲ್ಕು ತಿಂಗಳು ಮಡಕೆಯ ಚೂರುಗಳನ್ನು ತೊಳೆದು, ಒಣಗಿಸಿ, ಒಂದೊಂದರ ಮೇಲೂ ಸಾಸಿವೆ ಗಾತ್ರದ ಅಂಕಿಗಳನ್ನು ಬರೆದವಳಿಗೆ ಸಿಕ್ಕ ಬಿರುದು ಒಂದೇ: ಚೂರಕ್ಕ. ಅಗೆದವರ ಹೆಸರು ವರದಿಯಲ್ಲಿದೆ, ಅಗೆಸಿದವರ ಭಾವಚಿತ್ರವೂ ಇದೆ. ಇವಳ ಹೆಸರು ಹಾಜರಿ ಪುಸ್ತಕದಲ್ಲಿದೆ.

ಈ ಸಲದ ಅಗೆತದಲ್ಲಿ, ಕೋಟೆಯ ಹೊರಗಿನ ಒಂದೇ ಕೋಣೆಯ ಮನೆಯೊಂದರ ಒಲೆಯ ಪಕ್ಕ ಸಿಕ್ಕಿದ್ದ ಎಂಟುನೂರು ವರ್ಷದ ಮಡಕೆಯೊಳಗೆ ಕರಿ ಕಚ್ಚಿಕೊಂಡಿತ್ತು. ಅದರ ಮೇಲಿನ ಸೌಟಿನ ಗೀರುಗಳೆಲ್ಲ ಒಂದೇ ಕಡೆಗೆ ವಾಲಿದ್ದವು. ಚೂರಕ್ಕ ತನ್ನ ಎಡಗೈಯನ್ನು ಒಳಗೆ ಸುಮ್ಮನೆ ತಿರುಗಿಸಿ ನೋಡಿದಳು, ತಾಳೆಯಾಯಿತು. ತನ್ನಂತೆಯೇ ಎಡಗೈಯವಳೊಬ್ಬಳು ಅಡುಗೆಯನ್ನು ತಳ ಹಿಡಿಸಿ ಗಡಿಬಿಡಿಯಲ್ಲಿ ಕೆರೆದಿದ್ದಾಳೆ.

ಮನೆಯಲ್ಲಿ ಹೇಳಿದಾಗ ಗಂಡ ನಕ್ಕ. “ಎಂಟುನೂರು ವರ್ಷದ ಹಿಂದೆ ತಳ ಹಿಡಿದಿದ್ದು ಕಾಣತ್ತೆ ನಿಂಗೆ. ನಿನ್ನೆ ನಮ್ಮನೇಲಿ ಹಿಡಿದಿದ್ದು ಕಾಣ್ಲಿಲ್ಲ.”

“ಕಂಡಿತ್ತು. ಅದಕ್ಕೇ ನಿಮಗೆ ಮೇಲಿಂದ ಬಡಿಸಿದ್ದು.”

ಮಡಕೆಯ ಮುಂದಿಡಲು ಇಲಾಖೆಯ ನಿರ್ದೇಶಕರು ಬರೆಸಿದ್ದ ಚೀಟಿ ಆಗಲೇ ಅಚ್ಚಾಗಿತ್ತು: ‘ರಾಜಮನೆತನದ ವಿಧಿಪಾತ್ರೆ’. ಪ್ರದರ್ಶನಕ್ಕೆ ಎರಡೇ ದಿನ ಉಳಿದಿತ್ತು. “ಚೆನ್ನಾಗಿ ಉಜ್ಜಮ್ಮ, ಕರಿ ಕಾಣಬಾರ್ದು. ದೊಡ್ಡವರು ಬರ್ತಾರೆ,” ಎಂದರು.

ಉಜ್ಜಿದರೆ, ಆ ಮನೆಯವರು ಏನು ಉಣ್ಣುತ್ತಿದ್ದರು ಎಂಬುದಕ್ಕಿದ್ದ ಒಂದೇ ಸಾಕ್ಷ್ಯ ಚರಂಡಿಯ ಪಾಲು. ಚೂರಕ್ಕ ವಾದಕ್ಕಿಳಿಯಲಿಲ್ಲ. ಗೋಡೆಗೆ ತೂಗುಹಾಕಿದ್ದ ನಿಯಮಾವಳಿಯ ಹದಿನೇಳನೆಯ ಸಾಲಿಗೆ ಬೆರಳಿಟ್ಟಳು: ಆಹಾರದ ಅಂಶ ಅಂಟಿರುವ ಪಾತ್ರೆಯನ್ನು ನಿರ್ದೇಶಕರ ಲಿಖಿತ ಆದೇಶವಿಲ್ಲದೆ ತೊಳೆಯತಕ್ಕದ್ದಲ್ಲ.

“ಒಂದು ಸಹಿ ಹಾಕ್ಕೊಡಿ ಸಾರ್, ಈಗಲೇ ಉಜ್ಜಿಬಿಡ್ತೀನಿ.”

ತಮ್ಮ ರಜೆಯ ಅರ್ಜಿಯ ಹೊರತು ಯಾವ ಕಾಗದಕ್ಕೂ ಸಹಿ ಹಾಕದೆಯೇ ಆ ಕುರ್ಚಿಯವರೆಗೆ ಏರಿದ್ದ ಮಹನೀಯರು ಅವರು. “ನೋಡೋಣ, ನೋಡೋಣ,” ಎನ್ನುತ್ತ ಪೆನ್ನನ್ನು ಜೇಬಿಗೆ ಸೇರಿಸಿದರು. ಮಡಕೆ ಕರಿಯ ಸಮೇತ ಗಾಜಿನ ಪೆಟ್ಟಿಗೆ ಸೇರಿತು.

ಉದ್ಘಾಟನೆಯ ದಿನ ಅವರು ಅರಸರ ವಿಧಿಗಳನ್ನು ಹನ್ನೆರಡು ನಿಮಿಷ ವರ್ಣಿಸಿದರು. ಮುಖ್ಯ ಅತಿಥಿಯ ಹೆಂಡತಿ ಗಾಜಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿ, “ಅಯ್ಯೋ ಪಾಪ, ತಳ ಹಿಡಿದುಬಿಟ್ಟಿದೆ,” ಎಂದರು.

ಮರುದಿನ ಚೀಟಿ ಬದಲಾಯಿತು: ‘ವಿಧಿಯ ಅಂಗವಾಗಿ ಉದ್ದೇಶಪೂರ್ವಕವಾಗಿ ಸುಡಲಾದ ರಾಜಮನೆತನದ ಪಾತ್ರೆ. ಇದರ ಕರಿ ಅತ್ಯಮೂಲ್ಯವಾದುದರಿಂದ ಎಂದಿಗೂ ತೊಳೆಯತಕ್ಕದ್ದಲ್ಲ.’ ಉಗ್ರಾಣಕ್ಕೆ ಬಂದ ಪ್ರತಿಯ ಕೆಳಗೆ ನಿರ್ದೇಶಕರ ಸಹಿಯೂ ಇತ್ತು.

ಚೂರಕ್ಕ ಮೊದಲ ವಾಕ್ಯವನ್ನು ಬಿಟ್ಟು ಎರಡನೆಯದನ್ನು ಎರಡು ಸಲ ಓದಿದಳು. ಪ್ರತಿಯನ್ನು ಹದಿನೇಳನೆಯ ನಿಯಮದ ಪಕ್ಕದಲ್ಲೇ ಅಂಟಿಸಿ, ಮುಂದಿನ ಬುಟ್ಟಿಯ ಚೂರುಗಳನ್ನು ನೀರಿಗಿಳಿಸಿದಳು.