ಬ್ಲೇಡಕ್ಕ ಕೇಳಿದ ಒಂದು ಕೋಣೆ

ನಮ್ಮ ಮನೆಯ ಬಚ್ಚಲಿಗೆ ಬೆಳಗಾದರೆ ಎರಡು ಸಂಸಾರದವರು ಟವೆಲ್ ಹಿಡಿದು ನಿಲ್ಲುತ್ತಾರೆ. ಪಕ್ಕದ ಮನೆಯ ಬಚ್ಚಲಲ್ಲಿ ಟೊಮೇಟೊ ಸಸಿಗಳು ಮಲಗಿರುತ್ತವೆ, ಅದಕ್ಕೆ. ಆ ಮನೆ ನನ್ನ ವಾರಗಿತ್ತಿಯದು, ನನ್ನ ಗಂಡನ ಅಣ್ಣನ ಹೆಂಡತಿಯದು. ನಾನು ಅಕ್ಕ ಅನ್ನುತ್ತೇನೆ, ಊರಿನವರು ಬ್ಲೇಡಕ್ಕ ಅನ್ನುತ್ತಾರೆ. ಬೆರಳಸಂದಿಯಲ್ಲಿ ಅರ್ಧ ಬ್ಲೇಡು ಇಲ್ಲದೆ ಅವಳನ್ನು ಕಂಡವರು ಕಡಿಮೆ.

ಮದುವೆಯಾಗಿ ಬಂದ ವರ್ಷವೇ ಅಕ್ಕ ಸರ್ಕಾರಿ ಬೀಜದ ತೋಟಕ್ಕೆ ದಿನಗೂಲಿಗೆ ಸೇರಿದಳು. ಅಲ್ಲಿದ್ದ ಮುದಿ ಮಾಲಿಯೊಬ್ಬ ಅವಳಿಗೆ ಕಾಡು ಬದನೆಯ ಬುಡಕ್ಕೆ ಟೊಮೇಟೊ ತಲೆ ಕಸಿ ಕಟ್ಟುವುದನ್ನು ಕಲಿಸಿದ. ಟೊಮೇಟೊ ಹೊಲಗಳನ್ನು ಸಾಲುಸಾಲಾಗಿ ಮಲಗಿಸುವ ಸೊರಗು ರೋಗ ಕಾಡು ಬದನೆಯ ಬೇರಿನ ಹತ್ತಿರ ಸುಳಿಯುವುದಿಲ್ಲ. ಬುಡ, ತಲೆ ಎರಡನ್ನೂ ಒಂದೇ ಓರೆಯಲ್ಲಿ ಕೊಯ್ದು, ಜೋಡಿಸಿ, ಸೈಕಲ್ ವಾಲ್ವ್ ಟ್ಯೂಬಿನ ಚೂರು ತೊಡಿಸಿ, ಏಳು ದಿನ ಕತ್ತಲಲ್ಲಿ, ತೇವದಲ್ಲಿ ಇಡಬೇಕು. ನಡುವೆ ಬಿಸಿಲೋ ಗಾಳಿಯೋ ತಾಗಿದರೆ ಗಾಯ ಕೂಡುವುದಿಲ್ಲ. ಹನ್ನೊಂದು ವರ್ಷದ ಮೇಲೆ ತೋಟ ಮುಚ್ಚಿದರು. ಅಕ್ಕ ವಿದ್ಯೆಯನ್ನು ಮನೆಗೆ ತಂದಳು. ಮನೆಯಲ್ಲಿ ಕತ್ತಲೂ ತೇವವೂ ಒಟ್ಟಿಗೆ ಇರುವ ಜಾಗ ಒಂದೇ ಒಂದಿತ್ತು.

ಮೊದಲ ದಿನ ನಮ್ಮ ಅತ್ತೆ ಬಚ್ಚಲ ಬಾಗಿಲಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ನಾನೆಲ್ಲಿ ಸ್ನಾನ ಮಾಡ್ಲೇ?"

"ತಂಗಿ ಮನೇಲಿ ಅತ್ತೆ. ಏಳು ದಿನ ಅಷ್ಟೇ."

ಆ ಏಳು ದಿನಕ್ಕೆ ಈಗ ಒಂಬತ್ತು ವರ್ಷ.

ಬಚ್ಚಲಲ್ಲಿ ಒಂದು ಸಲಕ್ಕೆ ಹಿಡಿಯುವುದು ಎಂಟುನೂರು ಸಸಿ. ಕೇಳಿಕೊಂಡು ಬರುವವರಿಗೆ ಬೇಕಾಗಿರುವುದು ಸಾವಿರಗಟ್ಟಲೆ. ಅರ್ಧಕ್ಕರ್ಧ ಜನರನ್ನು ಬರಿಗೈಯಲ್ಲಿ ಕಳಿಸಬೇಕು. ಹಾಗೆ ಹೋದವರ ಹೊಲ ಎರಡು ತಿಂಗಳಲ್ಲಿ ಬಾಡಿ ಮಲಗಿದ ಸುದ್ದಿ ಬರುತ್ತದೆ, ಅಕ್ಕನಿಗೆ ಅವತ್ತು ಊಟ ಸೇರುವುದಿಲ್ಲ. ಸಸಿ ಸಿಕ್ಕವರಿಗೂ ಅವಳು ಕೊಡುವ ರೀತಿ ಬೇರೆ. ನೂರು ಕೇಳಿದವರಿಗೆ ನೂರಹನ್ನೆರಡು ಎಣಿಸಿ, ಮುಖ ನೋಡಿ ಹೇಳುತ್ತಾಳೆ, "ಹನ್ನೆರಡು ಸಾಯುತ್ತೆ ಕಣಣ್ಣ, ಆಮೇಲೆ ನನ್ನ ಬೈಬೇಡ." ಸಾಯುವ ಲೆಕ್ಕ ಹೇಳದೆ ಅವಳ ಕೈಯಿಂದ ಒಂದು ಸಸಿಯೂ ಹೊರಗೆ ಹೋಗಿಲ್ಲ.

ಮುಂದೆ ಆದದ್ದಕ್ಕೆಲ್ಲ ನಾನೇ ಕಾರಣ. ಕೃಷಿಯಲ್ಲಿ ಹೊಸತನ, ಹೂಡಿಕೆದಾರರನ್ನು ಸೆಳೆಯುವ ಕಲೆ, ಮೂರು ದಿನದ ಸ್ಟಾರ್ಟಪ್ ಕಾರ್ಯಾಗಾರ ಎಂಬ ಜಾಹೀರಾತು ನನ್ನ ಫೋನಿಗೆ ಬಂತು. ಅಕ್ಕನ ಹೆಸರಲ್ಲಿ ಅರ್ಜಿ ತುಂಬಿದವಳು ನಾನು. ಒಂದು ಕೋಣೆ ಕಟ್ಟಿಸಿಕೊಡುವ ಪುಣ್ಯಾತ್ಮ ಯಾರಾದರೂ ಸಿಕ್ಕಾನು ಎಂದು ಆಸೆಪಟ್ಟೆ. ಜೊತೆಗೆ ಹೋದವಳೂ ನಾನೇ.

ಹೋಟೆಲಿನ ಹಾಲ್ ನಮ್ಮ ಶಾಲೆಯಷ್ಟು ದೊಡ್ಡದಿತ್ತು. ಎಸಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಕೊರಳಿಗೆ ಕಾರ್ಡು ಹಾಕಿ ಫೋಟೋ ತೆಗೆದರು. ಮೊದಲ ದಿನ ಹಳದಿ ಚೀಟಿಯಲ್ಲಿ ನಮ್ಮ ಕನಸು ಬರೆದು ಗೋಡೆಗೆ ಅಂಟಿಸಬೇಕಂತೆ. ದೊಡ್ಡವರೆಲ್ಲ ಬಲೂನು ಊದಿ ಒಡೆದರು. ಅದು ಭಯ ಬಿಡಿಸುವ ಆಟವಂತೆ. ನಲವತ್ತು ಜನರಲ್ಲಿ ಉಗುರಸಂದಿಗೆ ಮಣ್ಣು ಸೇರಿದ ಕೈ ಅಕ್ಕನದೊಂದೇ. ಎರಡನೇ ದಿನ ತರಬೇತುದಾರ ಅವಳಿಂದ ಭಾಷಣ ಹೇಳಿಸಿ ನೋಡಿದ. ಕಿವಿಯಿಂದ ಬಾಯಿಗೆ ಮೈಕು ಸಿಕ್ಕಿಸಿಕೊಂಡಿದ್ದ ಆ ಹುಡುಗನಿಗೆ ನನ್ನ ಮಗನ ವಯಸ್ಸು.

"ಅಮ್ಮ, ಸಾಯೋ ಸಸಿ ವಿಷಯ ತೆಗೀಲೇಬೇಡಿ. ಅವರಾಗಿ ಕೇಳಿದ್ರೆ ನೋಡ್ಕೊಳ್ಳೋಣ."

"ಕೇಳೋ ಮುಂಚೆ ಹೇಳ್ಬೇಕಲ್ಲಪ್ಪ? ತಗೊಂಡ್ಮೇಲೆ ಹೇಳಿದ್ರೆ ಮೋಸ ಆಗುತ್ತೆ."

"ಇದು ವ್ಯಾಪಾರ ಅಲ್ಲಮ್ಮ, ಪಿಚ್."

ಹಾಗೆಂದರೆ ಏನು ಎಂದು ಅಕ್ಕ ನನ್ನ ಮುಖ ನೋಡಿದಳು. ನನಗೂ ಗೊತ್ತಿರಲಿಲ್ಲ.

ಮೂರನೇ ದಿನ ಐವರು ಹೂಡಿಕೆದಾರರು ಬಂದು ಮುಂದಿನ ಸೋಫಾದಲ್ಲಿ ಕೂತರು. ಒಬ್ಬೊಬ್ಬರಿಗೆ ಮೂರು ನಿಮಿಷ. ಅಕ್ಕ ಸಸಿಯ ಟ್ರೇ ಹಿಡಿದು ವೇದಿಕೆ ಹತ್ತಿದಳು, ಗಿರಾಕಿಯ ಮುಂದೆ ನಿಂತ ಹಾಗೆಯೇ ನಿಂತಳು. ಬಾಯಿಂದ ಬಿದ್ದ ಮೊದಲ ಮಾತೇ, "ನೂರಹನ್ನೆರಡರಲ್ಲಿ ಹನ್ನೆರಡು ಸಾಯುತ್ತೆ ಸಾರ್." ತರಬೇತುದಾರ ಹಣೆ ಚಚ್ಚಿಕೊಂಡ.

ಸೋಫಾದ ನಡುವೆ ಕೂತವನು ಫೋನಿನಿಂದ ತಲೆಯೆತ್ತಿ, "ನಿಮಗೆ ಬೇಕಾಗಿರೋದು ಏನು ಮೇಡಂ?" ಅಂದ.

"ಒಂದು ಕೋಣೆ ಸಾರ್. ಕಿಟಕಿ ಇಲ್ಲದ್ದು. ಹನ್ನೆರಡಡಿ ಉದ್ದ, ಹತ್ತಡಿ ಅಗಲ."

"ಅಷ್ಟೇನಾ? ಸ್ವಲ್ಪ ದೊಡ್ಡದಾಗಿ ಯೋಚನೆ ಮಾಡಿ. ಈಗೆಲ್ಲಿ ಮಾಡ್ತಿದ್ದೀರಿ?"

"ಬಚ್ಚಲುಮನೇಲಿ."

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಮೂರು ನಿಮಿಷದ ಗಂಟೆ ಹೊಡೆಯಿತು. ಅಕ್ಕನೂ ಪೆಚ್ಚಾಗಿ ನಕ್ಕು ಇಳಿದು ಬಂದಳು. ನನಗೆ ಮೈಯೆಲ್ಲ ಉರಿಯಿತು. ಸೊರಗಿನಲ್ಲಿ ಹೊಲ ಕಳೆದುಕೊಂಡ ಒಬ್ಬನಾದರೂ ಆ ಸೋಫಾದಲ್ಲಿ ಕೂತಿದ್ದರೆ ನಗುತ್ತಿದ್ದನೇ? ಎಲ್ಲರ ಹೊಟ್ಟೆಗೂ ಹೊಲದಿಂದಲೇ ಬರಬೇಕು, ಹೊಲದ ಕೆಲಸದ ಮಾತು ಬಂದರೆ ಮಾತ್ರ ಹಲ್ಲು ಕಿಸಿಯುತ್ತಾರೆ!

ಗೆದ್ದವರು ಆಪ್ ಮಾಡಿದ ಮೂವರು ಹುಡುಗರು. ಬಾಡಿದ ಎಲೆಯ ಫೋಟೋ ತೆಗೆದರೆ ಆ ಆಪ್ ರೋಗದ ಹೆಸರು ಹೇಳುತ್ತದಂತೆ. ಅಕ್ಕ ಕೂತಲ್ಲಿಂದಲೇ ಕೇಳಿದಳು, "ಸೊರಗು ಬೇರಲ್ಲಿ ಇರುತ್ತಲ್ಲಪ್ಪ. ಎಲೆ ಬಾಡೋ ಹೊತ್ತಿಗೆ ಗಿಡದ ಕಥೆ ಮುಗಿದಿರುತ್ತೆ. ಆಮೇಲೆ ಗೊತ್ತಾಗಿ ಏನು ಮಾಡೋದು?" ಪ್ರಶ್ನೆಗಳು ಕೊನೆಯಲ್ಲಿ ಎಂದರು. ಕೊನೆಯಲ್ಲಿ ಚಪ್ಪಾಳೆ, ಹೂಗುಚ್ಛ, ಗುಂಪು ಫೋಟೋ. ಬಸ್ಸಿನಲ್ಲಿ ನಾನು ಅವರೆಲ್ಲರಿಗೂ ಹಿಡಿಶಾಪ ಹಾಕುತ್ತಿದ್ದರೆ ಅಕ್ಕ, "ಬಿಡೇ, ಎಳೇ ಹುಡುಗರು," ಅಂದಳು.

ಮೂರು ತಿಂಗಳಾಗಿತ್ತು. ಹೊಳೆಯಾಚೆಯ ರೈತನೊಬ್ಬ ಬೆಳಿಗ್ಗೆಯೇ ಫೋನು ಚಾಚಿಕೊಂಡು ಬಂದ. ಹಿಂದಿನ ಸಲ ಸಸಿ ಸಾಲದೆ ಅಕ್ಕ ವಾಪಸು ಕಳಿಸಿದವರಲ್ಲಿ ಅವನೂ ಒಬ್ಬ. ಎಲ್ಲಿಂದಲೋ ಸಾದಾ ಸಸಿ ತಂದು ನೆಟ್ಟಿದ್ದ, ಪೂರ್ತಿ ಬಾಡಿತ್ತು. ಆ ಗೆದ್ದ ಹುಡುಗರ ಆಪ್ ಅವನಿಗೆ ಬರೆದಿತ್ತು: ಸೊರಗು ರೋಗ. ಔಷಧಿ ಇಲ್ಲ. ಮುಂದಿನ ಬೆಳೆಗೆ ಕಸಿ ಸಸಿ ನೆಡಿ.

"ನಾಲ್ಕು ಸಾವಿರ ಬೇಕು ಬ್ಲೇಡಕ್ಕ."

"ಎಲ್ಲಿಂದ ತರಲಣ್ಣ? ಇಡೋಕೆ ಜಾಗ ಇಲ್ಲ."

ಅವನು ಫೋನನ್ನು ಒತ್ತಿ ಅವಳ ಮುಖದ ಹತ್ತಿರ ಹಿಡಿದ. ಕೊರಳಿಗೆ ಕಾರ್ಡು ಹಾಕಿಕೊಂಡ ಅಕ್ಕನ ಫೋಟೋ ಅದರಲ್ಲಿತ್ತು. ಕೆಳಗೆ ನಮ್ಮ ಬೀದಿಯ ವಿಳಾಸ. ಅದರ ಕೆಳಗೆ: ನಮ್ಮ ಪಾಲುದಾರ ನರ್ಸರಿ, ಎಷ್ಟು ಸಸಿ ಬೇಕಾದರೂ ಲಭ್ಯ. ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ.

"ಎಷ್ಟು ಬೇಕಾದ್ರೂ ಇದೆ ಅಂತ ನೀನೇ ಹಾಕ್ಸಿದ್ದೀಯ. ನನಗೆ ಮಾತ್ರ ಇಲ್ವಾ? ಎರಡು ಸಲ ಬಾಗಿಲಿಂದ ಕಳಿಸ್ತಿದ್ದೀಯಲ್ಲ, ದೊಡ್ಡವರಿಗೆ ಎತ್ತಿಟ್ಟಿದ್ದೀಯೇನು?"

ಒಂಬತ್ತು ವರ್ಷದಲ್ಲಿ ಅಕ್ಕನಿಗೆ ಅಂಥ ಮಾತು ಯಾರೂ ಆಡಿರಲಿಲ್ಲ. ಅವಳ ಮುಖ ಕಪ್ಪಿಟ್ಟಿತು. ಅವನ ರಟ್ಟೆ ಹಿಡಿದು ದರದರ ಎಳೆದುಕೊಂಡು ಹಿತ್ತಲ ಕಡೆ ನಡೆದಳು. ಬಚ್ಚಲಲ್ಲಿದ್ದ ಸಸಿಗೆ ಅವತ್ತು ಮೂರನೇ ದಿನ. ಒಳಗೆ ಮರೆತ ಚೊಂಬಿಗಾಗಿ ಅತ್ತೆ ಬಾಗಿಲು ಮುಟ್ಟಿದರೂ ಸಿಡುಕುವ ಅಕ್ಕ, ಆ ಬಾಗಿಲನ್ನು ಗೋಡೆಗೆ ಬಡಿಯುವ ಹಾಗೆ ತೆರೆದಳು. ಬಿಸಿಲು ನೇರ ಒಳಗೆ ಬಿತ್ತು.

"ಅಕ್ಕಾ, ಗಾಳಿ!" ಎಂದು ಕೂಗಿಕೊಂಡೆ.

"ಹೊಡೀಲಿ. ಎಣಿಸ್ಕೋ ಅಣ್ಣ, ಒಂದೊಂದಾಗಿ ಎಣಿಸ್ಕೋ. ಇಷ್ಟು ಬಿಟ್ಟು ಇನ್ನೊಂದು ಸಸಿ ಎಲ್ಲಾದ್ರೂ ಬಚ್ಚಿಟ್ಟಿದ್ರೆ ತೋರ್ಸು."

ಅವನು ಎಣಿಸಲಿಲ್ಲ. ತಲೆ ತಗ್ಗಿಸಿ, "ಮುಚ್ಚು ಅಕ್ಕ, ತಪ್ಪಾಯ್ತು," ಅಂದ. ಅವಳು ಮುಚ್ಚಲಿಲ್ಲ. ಕೊನೆಗೆ ಅತ್ತೆಯೇ ಬಂದು ಅವಳ ಕೈಬೆರಳುಗಳನ್ನು ಬಾಗಿಲಿಂದ ಬಿಡಿಸಬೇಕಾಯಿತು. ಸಂಜೆ ಒಳಗೆ ಹೋಗಿ ನೋಡಿದೆವು. ಎಂಟುನೂರರಲ್ಲಿ ತಲೆಯೆತ್ತಿ ನಿಂತಿದ್ದವು ಅರವತ್ತು.